ಮಾಡೆಲ್ ರೈಲಿಗೆ ಎಷ್ಟು ಕೊಡಬೇಕು, ಎಲ್ಲಿ ಕೊಳ್ಳಬೇಕು: ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾರ್ಗದರ್ಶಿ

ನನ್ನ ಮೊದಲ ಇಂಜಿನ್ ಪಾರ್ಸೆಲ್‌ನಲ್ಲಿ ಬಂತು. ಡಬ್ಬಿ ತೆರೆದೆ, ಚೆಂದ ಕಂಡಿತು, ಮತ್ತೆ ಮುಚ್ಚಿ ಕಪಾಟಿನಲ್ಲಿಟ್ಟೆ. ಓಡಿಸೋಣ ಎಂದರೆ ಹಳಿಯೇ ಇನ್ನೂ ಬಂದಿರಲಿಲ್ಲ. ಒಂದೂವರೆ ತಿಂಗಳಾದ ಮೇಲೆ ಹಳಿ ಜೋಡಿಸಿ ಓಡಿಸಿದರೆ ಇಂಜಿನ್ ಕುಂಟುತ್ತಿತ್ತು. ಚಕ್ರ ತಿರುಗಿದ ಹಾಗೆಲ್ಲ 'ಟಕ್, ಟಕ್' ಸದ್ದು. ವಾಪಸ್ ಕಳಿಸೋಣ ಅಂದುಕೊಂಡರೆ 30 ದಿನದ ಗಡುವು ದಾಟಿತ್ತು. ಕೊನೆಗೆ ಮನೆಯಿಂದ ಇಪ್ಪತ್ತು ನಿಮಿಷ ದೂರದ ಹಾಬಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿದ್ದ ಹಿರಿಯರು ಅದನ್ನು ಬಿಚ್ಚಿದರು. ಬಿರುಕು ಬಿಟ್ಟ ಒಂದು ಪುಟ್ಟ ಹಲ್ಲುಚಕ್ರ ತೋರಿಸಿದರು. ಬದಲಾಯಿಸಿ 35 ಡಾಲರ್ ತೆಗೆದುಕೊಂಡರು. ಅವರ ಗಾಜಿನ ಕಪಾಟಿನಲ್ಲಿ ಅದೇ ಇಂಜಿನ್ ಇತ್ತು. ನಾನು ಆನ್‌ಲೈನ್‌ನಲ್ಲಿ ಕೊಂಡು ಉಳಿಸಿದ್ದು 22 ಡಾಲರ್.

ಅವತ್ತಿನಿಂದ ನನಗೊಂದು ಲೆಕ್ಕ ರೂಢಿಯಾಗಿದೆ. ಡಬ್ಬಿ ಮೇಲಿನ ಚೀಟಿಯನ್ನು ನಾನು ಬೆಲೆ ಅಂತ ಓದುವುದಿಲ್ಲ. ನಮ್ಮ ಮನೆಯ ಹಳಿ ಮೇಲೆ ಇಂಜಿನ್ ಸರಿಯಾಗಿ ಓಡುವ ಹೊತ್ತಿಗೆ ಒಟ್ಟು ಎಷ್ಟು ಕೈಬಿಟ್ಟಿತು, ಅದೇ ಬೆಲೆ. ಈ ಲೆಕ್ಕ ಹಿಡಿದರೆ ಕೆಲವು ಸಾಮಾನು ಅಂಗಡಿಯಲ್ಲೇ ಅಗ್ಗ, ಕೆಲವು ಆನ್‌ಲೈನ್‌ನಲ್ಲೇ ಅಗ್ಗ. ಯಾವುದು ಎಲ್ಲಿ ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ. ನಾನಿರುವುದು ನ್ಯೂಜೆರ್ಸಿಯಲ್ಲಿ, ಹಾಗಾಗಿ ಲೆಕ್ಕವೆಲ್ಲ ಡಾಲರ್‌ನಲ್ಲಿ. ಊರಿಗೆ ಒಯ್ಯುವವರಿಗಾಗಿ ಕೊನೆಯಲ್ಲಿ ಸ್ವಲ್ಪ ಬೇರೆ ಮಾತಿದೆ.

ಹೆಜ್ಜೆ 1: ಮೊದಲು ಅಳತೆ, ಆಮೇಲೆ ಅಂಗಡಿ

ಬೆಲೆ ನೋಡುವ ಮೊದಲೇ ಅಳತೆ ಗಟ್ಟಿ ಮಾಡಿಕೊಳ್ಳಿ. ಒಂದು ಅಳತೆಯ ಬೋಗಿ ಇನ್ನೊಂದು ಅಳತೆಯ ಹಳಿ ಮೇಲೆ ಕೂರುವುದಿಲ್ಲ. ಮಧ್ಯದಲ್ಲಿ ಮನಸ್ಸು ಬದಲಾಯಿಸಿದರೆ ಎಲ್ಲವನ್ನೂ ಮಾರಿ ಮತ್ತೆ ಕೊಳ್ಳಬೇಕು. ನನಗೆ ಗೊತ್ತಿರುವ ಮೂವರು ಹಾಗೆ ಮಾಡಿದ್ದಾರೆ.

ಇಲ್ಲಿ ಜಾಸ್ತಿ ಸಿಗುವುದು ಎಚ್‌ಓ. ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಹಳಿಗಳ ನಡುವೆ 16.5 ಮಿಲಿಮೀಟರ್. ಎನ್ ಅಳತೆ 160ರಲ್ಲಿ ಒಂದು ಪಾಲು, ಹಳಿ 9 ಮಿಲಿಮೀಟರ್. ಅಮೆರಿಕದ 85 ಅಡಿಯ ಪ್ಯಾಸೆಂಜರ್ ಬೋಗಿ ಎಚ್‌ಓದಲ್ಲಿ ಸುಮಾರು 30 ಸೆಂಟಿಮೀಟರ್ ಆಗುತ್ತದೆ, ಎನ್‌ನಲ್ಲಿ 16. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಈ ವ್ಯತ್ಯಾಸ ದೊಡ್ಡದು. ಹಾಗಂತ ಎನ್ ರೈಲು ಎಚ್‌ಓದ ಅರ್ಧ ಬೆಲೆಗೆ ಸಿಗುತ್ತದೆ ಅಂದುಕೊಳ್ಳಬೇಡಿ. ಪ್ಲಾಸ್ಟಿಕ್ ಕಡಿಮೆ ಹಿಡಿಯುತ್ತದೆ, ಕೆಲಸ ಕಡಿಮೆ ಆಗುವುದಿಲ್ಲ. ಉಳಿಯುವುದು ಜಾಗ ಅಷ್ಟೇ.

ಲಯನೆಲ್ ಕಂಪನಿಯದ್ದರಂಥ, ಇನ್ನೂ ದೊಡ್ಡ ಅಳತೆಯ ಓ ಗೇಜ್ ರೈಲುಗಳು ಬೇರೆಯೇ ಲೋಕ. ಅದರ ಹಳಿಯಲ್ಲಿ ನಡುವೆ ಮೂರನೆಯ ಕಂಬಿ ಇರುತ್ತದೆ. ಮಕ್ಕಳು ಮುಟ್ಟಿ ಆಡಬೇಕು, ಕ್ರಿಸ್‌ಮಸ್ ಹೊತ್ತಿಗೆ ಮರದ ಸುತ್ತ ಓಡಬೇಕು ಅಂತಿದ್ದರೆ ಅದು ಒಳ್ಳೆಯದು. ನಿಜವಾದ ರೈಲಿನ ತದ್ರೂಪು ಬೇಕು, ಸಂಗ್ರಹ ಬೆಳೆಸಬೇಕು ಅನ್ನುವವರಿಗೆ ಎಚ್‌ಓ ಅಥವಾ ಎನ್. ಇನ್ನು ಮುಂದೆ ನಾನು ಎಚ್‌ಓ ಇಟ್ಟುಕೊಂಡೇ ಮಾತಾಡುತ್ತೇನೆ.

ಹೆಜ್ಜೆ 2: ಮೂರು ಬೆಲೆಗಳನ್ನು ಬಿಡಿಸಿ ನೋಡಿ

ಒಂದೇ ಇಂಜಿನ್‌ಗೆ ಮೂರು ಬೆಲೆ ಇರುತ್ತದೆ.

ಮೊದಲನೆಯದು ಕಂಪನಿ ಸೂಚಿಸಿದ ಬೆಲೆ. ಇದನ್ನು ಪೂರ್ತಿ ಕೊಟ್ಟು ಕೊಳ್ಳುವವರು ಕಡಿಮೆ. ಎರಡನೆಯದು ಪೇಟೆ ಬೆಲೆ. ಆನ್‌ಲೈನ್ ಅಂಗಡಿಗಳು ಸೂಚಿತ ಬೆಲೆಗಿಂತ 15ರಿಂದ 25 ಪರ್ಸೆಂಟ್ ಕೆಳಗೆ ಹಾಕುವುದು ಮಾಮೂಲು. ಕೆಲವು ಕಂಪನಿಗಳು 'ಇದಕ್ಕಿಂತ ಕಡಿಮೆ ಬೆಲೆಯನ್ನು ಜಾಹೀರಾತಿನಲ್ಲಿ ಹಾಕಬಾರದು' ಎಂದು ಅಂಗಡಿಗಳಿಗೆ ಕಟ್ಟು ಹಾಕಿರುತ್ತವೆ. ಹಾಗಾಗಿ ಹತ್ತು ವೆಬ್‌ಸೈಟ್ ತಡಕಿದರೂ ಹತ್ತರಲ್ಲೂ ಒಂದೇ ಬೆಲೆ ಕಾಣುತ್ತದೆ. ಅಂಥ ಇಂಜಿನ್‌ಗೆ ಇನ್ನೂ ಕಡಿಮೆ ಬೇಕೆಂದರೆ ಅಂಗಡಿಗೆ ಹೋಗಿ ಬಾಯಿಬಿಟ್ಟು ಕೇಳಬೇಕು. ಕಟ್ಟು ಇರುವುದು ಜಾಹೀರಾತಿಗೆ, ಕೌಂಟರ್ ಮಾತಿಗಲ್ಲ.

ಮೂರನೆಯದು ಮನೆ ಮುಟ್ಟಿದ ಬೆಲೆ. ಎಲ್ಲರೂ ಮರೆಯುವುದು ಇದನ್ನೇ.

ಹಿಂದೆ ಆನ್‌ಲೈನ್‌ಗೆ ಒಂದು ದೊಡ್ಡ ಅನುಕೂಲ ಇತ್ತು. ಬೇರೆ ರಾಜ್ಯದ ಅಂಗಡಿಯಿಂದ ತರಿಸಿದರೆ ಬಿಲ್ಲಿನಲ್ಲಿ ಮಾರಾಟ ತೆರಿಗೆ ಬೀಳುತ್ತಿರಲಿಲ್ಲ. 2018ರ ಜೂನ್‌ನಲ್ಲಿ ವೇಫೇರ್ ಮೊಕದ್ದಮೆಯಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ತಮ್ಮಲ್ಲಿ ಅಂಗಡಿ ಇಲ್ಲದ ಮಾರಾಟಗಾರರಿಂದಲೂ ರಾಜ್ಯಗಳು ತೆರಿಗೆ ವಸೂಲಿ ಮಾಡಬಹುದು ಎಂದಿತು. ಅಲ್ಲಿಗೆ ಆ ಅನುಕೂಲ ಬಹುಪಾಲು ಹೋಯಿತು. ಹಳಬರು ಈಗಲೂ 'ಆನ್‌ಲೈನ್‌ನಲ್ಲಿ ಟ್ಯಾಕ್ಸ್ ಉಳಿಯುತ್ತೆ' ಅನ್ನುತ್ತಾರೆ. ಅದು ಹಳೆಯ ಕಾಲದ ಮಾತು.

ಈಗ ಲೆಕ್ಕ ಹಾಕೋಣ. ಸೂಚಿತ ಬೆಲೆ 350 ಡಾಲರ್ ಇರುವ, ಸೌಂಡ್ ಇರುವ ಒಂದು ಡೀಸೆಲ್ ಇಂಜಿನ್ ಅಂದುಕೊಳ್ಳಿ. ಆನ್‌ಲೈನ್‌ನಲ್ಲಿ 20 ಪರ್ಸೆಂಟ್ ಬಿಟ್ಟು 280. ಸಾಗಣೆ 12. ನ್ಯೂಜೆರ್ಸಿಯ ತೆರಿಗೆ 6.625 ಪರ್ಸೆಂಟ್, ಇಲ್ಲಿ ಅದು ಸಾಗಣೆ ಖರ್ಚಿನ ಮೇಲೂ ಬೀಳುತ್ತದೆ. ಒಟ್ಟು 311 ಡಾಲರ್ ಚಿಲ್ಲರೆ. ಊರ ಅಂಗಡಿಯವರು 15 ಪರ್ಸೆಂಟ್ ಬಿಟ್ಟರೆ 297.50, ತೆರಿಗೆ ಸೇರಿ 317 ಚಿಲ್ಲರೆ. ವ್ಯತ್ಯಾಸ ಆರು ಡಾಲರ್. ಒಂದು ಕಾಫಿ, ಒಂದು ಬನ್ನು. ಸಾಗಣೆ ಪುಕ್ಕಟೆ ಇದ್ದರೆ ಆನ್‌ಲೈನ್ ಬೆಲೆ 298.55ಕ್ಕೆ ಇಳಿಯುತ್ತದೆ, ವ್ಯತ್ಯಾಸ ಸುಮಾರು 19 ಡಾಲರ್ ಆಗುತ್ತದೆ. ಆ ಹತ್ತೊಂಬತ್ತು ಡಾಲರ್ ಕೊಟ್ಟರೆ ಅಂಗಡಿಯಲ್ಲಿ ಏನು ಸಿಗುತ್ತದೆ ಅನ್ನುವುದು ಮುಂದೆ ಬರುತ್ತದೆ.

ಬೋಗಿಗಳ ಲೆಕ್ಕ ಬೇರೆ. 40 ಡಾಲರ್ ಸೂಚಿತ ಬೆಲೆಯ ಒಂದು ಗೂಡ್ಸ್ ವ್ಯಾಗನ್ ಆನ್‌ಲೈನ್‌ನಲ್ಲಿ 30ಕ್ಕೆ ಕಂಡರೂ 9 ಡಾಲರ್ ಸಾಗಣೆ ಸೇರಿದರೆ ಲಾಭವೇ ಇಲ್ಲ. ನಾಲ್ಕು ಒಟ್ಟಿಗೆ ತರಿಸಿದರೆ ಸಾಗಣೆ ಹೆಚ್ಚೂಕಮ್ಮಿ ಅಷ್ಟೇ ಇರುತ್ತದೆ, ಆಗ ನಿಜವಾಗಿ ಉಳಿಯುತ್ತದೆ. ಅದಕ್ಕೇ ನಾನು ಒಂದೊಂದೇ ವ್ಯಾಗನ್ ತರಿಸುವುದಿಲ್ಲ. ಚೀಟಿಯಲ್ಲಿ ಬರೆದಿಟ್ಟುಕೊಂಡು, ನಾಲ್ಕೈದು ಸೇರಿದ ಮೇಲೆ ಒಂದೇ ಸಲ ಆರ್ಡರ್ ಮಾಡುತ್ತೇನೆ.

ಹೆಜ್ಜೆ 3: ಡಬ್ಬಿ ಮೇಲಿನ ಆ ಒಂದು ಪದ

ಒಂದೇ ಇಂಜಿನ್ 210 ಡಾಲರ್‌ಗೂ ಇದೆ, 310ಕ್ಕೂ ಇದೆ. ಬಣ್ಣ ಒಂದೇ, ನಂಬರ್ ಒಂದೇ. ಹೊಸಬರು ಕಡಿಮೆಯದ್ದನ್ನು ಎತ್ತಿಕೊಳ್ಳುತ್ತಾರೆ. ಮನೆಗೆ ತಂದ ಮೇಲೆ ಸದ್ದೂ ಇಲ್ಲ, ಕಂಟ್ರೋಲರ್ ಮಾತೂ ಕೇಳುವುದಿಲ್ಲ.

ಹಳೆಯ ಪದ್ಧತಿ ಡಿಸಿ. ಹಳಿಗೆ ಕರೆಂಟ್ ಜಾಸ್ತಿ ಕೊಟ್ಟರೆ ಹಳಿ ಮೇಲಿರುವ ಎಲ್ಲ ಇಂಜಿನ್ನೂ ಜೋರಾಗಿ ಓಡುತ್ತವೆ. ಹೊಸ ಪದ್ಧತಿ ಡಿಸಿಸಿ. ಇದರಲ್ಲಿ ಹಳಿಯಲ್ಲಿ ಯಾವಾಗಲೂ ಪೂರ್ತಿ ಕರೆಂಟ್ ಇರುತ್ತದೆ. ಪ್ರತಿ ಇಂಜಿನ್ ಒಳಗೂ ಡಿಕೋಡರ್ ಅನ್ನುವ ಪುಟ್ಟ ಸರ್ಕ್ಯೂಟ್ ಇದ್ದು, ತನ್ನ ನಂಬರಿಗೆ ಬಂದ ಆಜ್ಞೆಯನ್ನಷ್ಟೇ ಕೇಳುತ್ತದೆ. ಒಂದೇ ಹಳಿ ಮೇಲೆ ಎರಡು ಇಂಜಿನ್‌ಗಳನ್ನು ಬೇರೆ ಬೇರೆ ವೇಗದಲ್ಲಿ ಓಡಿಸಬಹುದು.

'ಡಿಸಿಸಿ ರೆಡಿ' ಎಂದು ಬರೆದಿದ್ದರೆ ಡಿಕೋಡರ್ ಇದೆ ಎಂದಲ್ಲ. ಡಿಕೋಡರ್ ಸಿಕ್ಕಿಸಲು ಪ್ಲಗ್ ಇದೆ ಎಂದಷ್ಟೇ. ಒಂಥರಾ ಫ್ಯಾನಿಗೆ ಕೊಕ್ಕೆ ಇರುವ ಬಾಡಿಗೆ ಮನೆ. ಸದ್ದಿಲ್ಲದ ಸಾದಾ ಡಿಕೋಡರ್ 20ರಿಂದ 40 ಡಾಲರ್‌ಗೆ ಸಿಗುತ್ತದೆ. ಸೌಂಡ್ ಡಿಕೋಡರ್, ಸ್ಪೀಕರ್ ಎಂದರೆ 100 ದಾಟುತ್ತದೆ. ಬೆಸುಗೆ ಹಾಕಲು ಬಾರದಿದ್ದರೆ ಕೂಲಿ ಬೇರೆ. ಆದ್ದರಿಂದ ಸೌಂಡ್ ಬೇಕು ಎಂದು ಮೊದಲೇ ಗೊತ್ತಿದ್ದರೆ ಕಂಪನಿಯವರೇ ಹಾಕಿಕೊಟ್ಟದ್ದನ್ನು ಕೊಳ್ಳಿ. ಸೌಂಡ್ ಬೇಡ, ಇಬ್ಬರು ಮಕ್ಕಳು ಒಂದು ರೈಲು ಸುತ್ತಿಸಿದರೆ ಸಾಕು ಅಂದರೆ ಡಿಸಿಯೇ ಸಾಕು. ಸುಮ್ನೆ ದುಡ್ಡು ಸುರಿಯಬೇಡಿ.

ಸದ್ದಿನ ವಿಷಯ ಬಂದಾಗ ನನಗೆ ಸ್ವಲ್ಪ ಹುಚ್ಚು. ನಾನು ಬೆಳೆದದ್ದು ಬೆಂಗಳೂರಿನ ಕೃಷ್ಣರಾಜಪುರದಲ್ಲಿ, ಡೀಸೆಲ್ ಶೆಡ್ಡಿನ ಆಚೆ. ಡಬ್ಲ್ಯೂಡಿಎಂ-2 ಇಂಜಿನ್ ಐಡಲ್‌ನಲ್ಲಿ ನಿಂತಾಗ ಬರುವ ಆ ಗುಟುರು ಕಿವಿಯಿಂದ ಹೋಗಿಲ್ಲ. ಆ ಇಂಜಿನ್ ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸ. ಮೊದಲ ಕೆಲವು 1962ರಲ್ಲಿ ಇಲ್ಲಿಂದಲೇ ಹೋದವು, ಆಮೇಲೆ ವಾರಾಣಸಿಯಲ್ಲಿ ತಯಾರಾದವು. ಹಾಗಾಗಿ ಇಲ್ಲಿನ ಆಲ್ಕೋ ಮಾಡೆಲ್ ಕೊಂಡರೆ ನಮ್ಮೂರಿನ ಸದ್ದು ಸಿಗುತ್ತದೆ. ಆದರೆ ಎಲ್ಲದರಲ್ಲೂ ಅಲ್ಲ. ಆಲ್ಕೋ ಅಂತ ಹುಡುಕಿದಾಗ ಮೊದಲು ಕಣ್ಣಿಗೆ ಬೀಳುವುದು ಆರ್‌ಎಸ್-3. ಅದರೊಳಗಿದ್ದ ಡೀಸೆಲ್ ಯಂತ್ರ 244 ಅನ್ನುವ ಹಳೆಯದು. ನಮ್ಮ ಡಬ್ಲ್ಯೂಡಿಎಂ-2ರಲ್ಲಿ ಇದ್ದದ್ದು 16 ಸಿಲಿಂಡರಿನ 251. ಅದು ಬೇಕಿದ್ದರೆ ಸಿ-424, ಸಿ-425 ಅಥವಾ ಆರು ಆಕ್ಸಲ್‌ನ ಸಿ-630 ನೋಡಿ. ಅಟ್ಲಾಸ್, ಬೌಸರ್ ಕಂಪನಿಗಳು ಇವನ್ನು ಎಚ್‌ಓದಲ್ಲಿ ಮಾಡಿವೆ. ಹುಬ್ಬಳ್ಳಿ ಕಡೆಯವರಿಗೂ ದಾರಿ ಇದೆ. ಅಲ್ಲಿನ ಶೆಡ್ಡಿನ ಡಬ್ಲ್ಯೂಡಿಜಿ-4 ಜನರಲ್ ಮೋಟರ್ಸ್‌ನ ವಿನ್ಯಾಸ. ಅದರೊಳಗಿನ 710 ಎಂಜಿನ್ನೇ ಇಲ್ಲಿನ ಎಸ್‌ಡಿ70ಮ್ಯಾಕ್‌ನಲ್ಲೂ ಇರುವುದು. ಸೌಂಡ್ ಇರುವ ಎಸ್‌ಡಿ70ಮ್ಯಾಕ್ ಮಾಡೆಲ್ ತಂದು ಕಣ್ಣು ಮುಚ್ಚಿ ಕೇಳಿ.

ಇಂಥದ್ದನ್ನು ವೆಬ್‌ಸೈಟ್ ಯಾಕೆ ಹೇಳುತ್ತದೆ? ನನಗೆ ಹೇಳಿದ್ದು ಆ ಹಲ್ಲುಚಕ್ರ ಬದಲಿಸಿದ ಹಿರಿಯರೇ.

ಹೆಜ್ಜೆ 4: ಯಾವುದು ಅಂಗಡಿಯಲ್ಲಿ, ಯಾವುದು ಆನ್‌ಲೈನ್‌ನಲ್ಲಿ

ಚಲಿಸುವುದು ಅಂಗಡಿಯಲ್ಲಿ, ಉರುಳುವುದು ಆನ್‌ಲೈನ್‌ನಲ್ಲಿ. ಇದು ನನ್ನ ನಿಯಮ. ಮೋಟರ್ ಇರುವ ಸಾಮಾನಿನ ದೋಷ ಓಡಿಸಿದಾಗ ಮಾತ್ರ ಗೊತ್ತಾಗುತ್ತದೆ. ಬೋಗಿಯ ದೋಷ ಕಣ್ಣಿಗೆ ಕಾಣುತ್ತದೆ.

ಅಂಗಡಿಯಲ್ಲಿ ಇಂಜಿನ್ ಕೊಳ್ಳುವಾಗ 'ಒಂದು ಸಲ ಓಡಿಸಿ ತೋರಿಸ್ತೀರಾ' ಎಂದು ಕೇಳಿ. ಸಂಕೋಚ ಬೇಡ. ಒಳ್ಳೆಯ ಅಂಗಡಿಯಲ್ಲಿ ಕೌಂಟರ್ ಹಿಂದೆ ಒಂದು ತುಂಡು ಹಳಿ ಇದಕ್ಕೇ ಇರುತ್ತದೆ. ಜೋರಾಗಿ ಓಡಿಸಿ ನೋಡುವುದು ದಂಡ, ಜೋರಾಗಿ ಎಲ್ಲವೂ ಓಡುತ್ತವೆ. ಇರುವೆ ಹರಿದಷ್ಟು ನಿಧಾನವಾಗಿ ಓಡಿಸಲು ಹೇಳಿ. ಆಗ ತಡವರಿಸಿದರೆ ಹಲ್ಲುಚಕ್ರದಲ್ಲೋ ಚಕ್ರದ ಕರೆಂಟ್ ಸಂಪರ್ಕದಲ್ಲೋ ತೊಂದರೆ ಇದೆ. ಹಿಂದಕ್ಕೂ ಮುಂದಕ್ಕೂ ಓಡಿಸಿ. ಎರಡೂ ಕಡೆಯ ದೀಪ ಹತ್ತುತ್ತದಾ ನೋಡಿ. ಮೇಲಿನಿಂದ ನೋಡಬೇಡಿ, ಹಳಿಯ ಮಟ್ಟಕ್ಕೆ ಕಣ್ಣು ತಂದು ನೋಡಿ. ತೊನೆಯುತ್ತಿದ್ದರೆ ಆಗ ಕಾಣುತ್ತದೆ. ಕೈಕಂಬಿ, ಹಾರ್ನ್, ಏಣಿ ಎಲ್ಲ ಜಾಗದಲ್ಲಿ ಇವೆಯಾ ಎಣಿಸಿ. ಡಬ್ಬಿಯ ತಳದಲ್ಲಿ ಏನಾದರೂ ಉದುರಿದೆಯಾ ಅಂತಲೂ ನೋಡಿ. ಐದು ನಿಮಿಷದ ಕೆಲಸ. ಆ ಹತ್ತೊಂಬತ್ತು ಡಾಲರ್ ಹೋಗುವುದು ಇದಕ್ಕೆ.

ಹಳಿಯನ್ನೂ ಅಂಗಡಿಯಲ್ಲೇ ಕೊಳ್ಳಿ. ಮೂರಡಿ ಉದ್ದದ ಬಾಗುವ ಹಳಿಯನ್ನು ಪಾರ್ಸೆಲ್‌ನಲ್ಲಿ ತರಿಸಿದರೆ ಉದ್ದದ ಡಬ್ಬಿಯ ಸಾಗಣೆ ದುಬಾರಿ, ಬಗ್ಗಿ ಬಂದರೆ ಅದೂ ಹೋಯಿತು. ಇನ್ನೊಂದು ಕಾರಣವೂ ಇದೆ. ಹಳಿ ಜೋಡಿಸುತ್ತಾ ಕೂತಾಗ ಭಾನುವಾರ ಮಧ್ಯಾಹ್ನ, ಹಳಿ ತುಂಡುಗಳನ್ನು ಕೂಡಿಸುವ ಜಾಯಿನರ್ ಎರಡು ಕಡಿಮೆ ಬೀಳುತ್ತವೆ. ಯಾವಾಗಲೂ ಎರಡು.

ಹಳಿ ಕೊಳ್ಳುವಾಗ ಲೋಹ ಕೇಳಿ. ನಿಕಲ್ ಸಿಲ್ವರ್ ಆಗಿರಬೇಕು. ಹಿತ್ತಾಳೆ, ಉಕ್ಕಿನ ಹಳಿ ಅಗ್ಗ. ಆದರೆ ಹಿತ್ತಾಳೆ ಕಿಲುಬು ಹಿಡಿದು ಕರೆಂಟ್ ಬಿಡುವುದಿಲ್ಲ, ಉಕ್ಕು ತುಕ್ಕು ಹಿಡಿಯುತ್ತದೆ. ಬ್ಯಾಚ್‌ಮನ್ ಕಂಪನಿಯ ಇ-ಜಿ ಟ್ರ್ಯಾಕ್ ಅನ್ನುವ ಹಳಿಯಲ್ಲಿ ಗುರುತು ಸುಲಭ. ಹಳಿಯ ಕೆಳಗಿನ ಜಲ್ಲಿ ಕಪ್ಪಾಗಿದ್ದರೆ ಉಕ್ಕು, ಬೂದು ಬಣ್ಣವಿದ್ದರೆ ನಿಕಲ್ ಸಿಲ್ವರ್. ಸೆಟ್ ಅಗ್ಗವಾಗಿದೆ ಎಂದು ಕೊಂಡರೆ ಅದರೊಳಗೆ ಯಾವ ಹಳಿ ಇದೆ ಅಂತ ನೋಡದೆ ಬರಬೇಡಿ.

ಆನ್‌ಲೈನ್‌ನಲ್ಲಿ ನಿಶ್ಚಿಂತೆಯಿಂದ ಕೊಳ್ಳಬಹುದಾದದ್ದು ಬೋಗಿ, ವ್ಯಾಗನ್, ಕಟ್ಟಡದ ಕಿಟ್, ಡಿಕೋಡರ್, ಬೋಗಿಗಳನ್ನು ಒಂದಕ್ಕೊಂದು ಕೂಡಿಸುವ ಕಪ್ಲರ್, ಬಣ್ಣ. ಹಾಗೆಯೇ ಒಂದು ನಿರ್ದಿಷ್ಟ ರೈಲ್ವೆಯ ನಿರ್ದಿಷ್ಟ ನಂಬರೇ ಬೇಕು ಎಂದಾಗ. ಊರ ಅಂಗಡಿಯಲ್ಲಿ ಆ ಊರಿನ ಸುತ್ತಮುತ್ತ ಓಡಿದ ರೈಲ್ವೆಗಳ ಸಾಮಾನೇ ಜಾಸ್ತಿ. ನ್ಯೂಜೆರ್ಸಿಯಲ್ಲಿ ಕಾನ್‌ರೇಲ್, ಪೆನ್ಸಿಲ್ವೇನಿಯಾ ರೈಲ್ವೆಗಳದ್ದು ಬೇಕಾದಷ್ಟು. ಪಶ್ಚಿಮದ ಕಡೆ ಓಡಿದ ಸದರ್ನ್ ಪೆಸಿಫಿಕ್ ಹುಡುಕುತ್ತಾ ಹೋದರೆ ಬರಿಗೈ.

ಇನ್ನು ಈ ಎರಡರ ನಡುವೆ ಗೋಡೆ ಇದೆ ಎಂದೂ ಅಂದುಕೊಳ್ಳಬೇಡಿ. ಮೇರಿಲ್ಯಾಂಡಿನ ಎಂ.ಬಿ. ಕ್ಲೈನ್ 1913ರಲ್ಲಿ ಬಾಲ್ಟಿಮೋರ್‌ನಲ್ಲಿ ಶುರುವಾದ ಅಂಗಡಿ. ಇವತ್ತು ದೇಶಕ್ಕೆಲ್ಲ ಆನ್‌ಲೈನ್‌ನಲ್ಲಿ ಮಾರುವವರಲ್ಲಿ ಅದೂ ಒಂದು. ಇನ್ನೊಂದು ಕಡೆ ಡೆನ್ವರ್‌ನಲ್ಲಿದ್ದ ಕಬೂಸ್ ಹಾಬೀಸ್‌ನಂಥ ಹೆಸರಾಂತ ದೊಡ್ಡ ಅಂಗಡಿ 2016ರಲ್ಲಿ ಬಾಗಿಲು ಹಾಕಿತು. ಆಮೇಲೆ ಬೇರೆಯವರು ಚಿಕ್ಕದಾಗಿ ಮತ್ತೆ ತೆರೆದರು.

ಒಂದು ಮಾತು ಮಾತ್ರ ನೇರವಾಗಿ ಹೇಳುತ್ತೇನೆ. ಅಂಗಡಿಯಲ್ಲಿ ಅರ್ಧ ಗಂಟೆ ಇಂಜಿನ್ ಓಡಿಸಿ ನೋಡಿ, ಅವರ ಹತ್ತಿರ ಎಲ್ಲ ಕೇಳಿ ತಿಳಿದುಕೊಂಡು, ಅಲ್ಲೇ ನಿಂತು ಫೋನಿನಲ್ಲಿ ಬೇರೆ ಕಡೆ ಆರ್ಡರ್ ಮಾಡುವವರನ್ನು ನೋಡಿದ್ದೇನೆ. ಆ ಕೆಲಸ ಮಾಡಬೇಡಿ.

ಹೆಜ್ಜೆ 5: ಅಂಗಡಿಯವರ ಹತ್ತಿರ ಬೆಲೆ ಮಾತಾಡುವುದು

ಇದು ಗಾಂಧಿ ಬಜಾರ್ ಅಲ್ಲ. ಅರ್ಧಕ್ಕೆ ಕೇಳಿ ಎದ್ದು ಹೊರಟಂತೆ ಮಾಡಿದರೆ ಯಾರೂ ಕೂಗಿ ಕರೆಯುವುದಿಲ್ಲ. ಹಾಗಂತ ಚೀಟಿಯ ಬೆಲೆಯೇ ಕಡೆಯ ಬೆಲೆಯೂ ಅಲ್ಲ. ನನಗೆ ಕೆಲಸಕ್ಕೆ ಬಂದ ಮಾತುಗಳು ಇವು: 'ಇಂಜಿನ್ ಜೊತೆ ಈ ಮೂರು ವ್ಯಾಗನ್ನೂ ತಗೋತೀನಿ, ಎಷ್ಟಕ್ಕೆ ಕೊಡ್ತೀರಿ?' 'ಇದು ತುಂಬ ದಿನದಿಂದ ಇಲ್ಲೇ ಇದೆ ಅಲ್ವಾ, ಏನಾದ್ರೂ ಬಿಡೋಕಾಗುತ್ತಾ?' ಎರಡನೆಯದನ್ನು ಕೇಳುವ ಮೊದಲು ಡಬ್ಬಿಯ ಮೇಲಿನ ಧೂಳು ನೋಡಿ. ಧೂಳು ಜಾಸ್ತಿ ಇದ್ದಷ್ಟು ಮಾತು ಸಲೀಸು.

ಇನ್ನೊಂದು ದಾರಿ ಮುಂಗಡ ಆರ್ಡರ್. ಈಗಿನ ಕಂಪನಿಗಳು ಬಹುತೇಕ ಹೀಗೇ ಕೆಲಸ ಮಾಡುತ್ತವೆ. ಮೊದಲು ಘೋಷಣೆ, ಆಮೇಲೆ ಆರ್ಡರ್‌ಗೆ ಒಂದು ಕೊನೆಯ ದಿನ. ಎಷ್ಟು ಆರ್ಡರ್ ಬಂತು ಎಂದು ನೋಡಿ ಅದಕ್ಕೆ ಸ್ವಲ್ಪ ಹೆಚ್ಚಾಗಿ ತಯಾರಿ, ಅದೂ ಬಹುಪಾಲು ಚೀನಾದಲ್ಲಿ. ಕೈಗೆ ಸಿಗಲು ಒಂದು ವರ್ಷ, ಕೆಲವೊಮ್ಮೆ ಎರಡು. ಆ ಸಲದ್ದು ಖಾಲಿ ಆದರೆ ಮತ್ತೆ ಯಾವಾಗ ಮಾಡುತ್ತಾರೋ ಗೊತ್ತಿಲ್ಲ. ಹಾಗಾಗಿ ಬೇಡಿಕೆ ಇರುವ ಇಂಜಿನ್‌ಗೆ 'ಬೆಲೆ ಇಳಿಯಲಿ' ಎಂದು ಕಾಯುವುದು ಜೂಜು. ತುಂಬ ಮಾಮೂಲಿ ಬಣ್ಣ, ಮಾಮೂಲಿ ವ್ಯಾಗನ್ ಆದರೆ ಕಾಯಬಹುದು. ಅಂಥವು ಆರು ತಿಂಗಳಲ್ಲಿ ರಿಯಾಯಿತಿ ಪಟ್ಟಿಗೆ ಬರುತ್ತವೆ.

ಮುಂಗಡ ಆರ್ಡರನ್ನು ಊರ ಅಂಗಡಿಯಲ್ಲೇ ಕೊಡಿ. ಅವರಿಗೆ ಖಚಿತವಾಗಿ ಮಾರಾಟವಾಗುವ ಸಾಮಾನು ಅದು, ಕಪಾಟಿನಲ್ಲಿ ಕೂರುವುದಿಲ್ಲ. ಅದಕ್ಕೆ 20 ಪರ್ಸೆಂಟ್ ಬಿಡಲು ಅನೇಕರು ಒಪ್ಪುತ್ತಾರೆ. ಅಂದರೆ ಆನ್‌ಲೈನ್ ಬೆಲೆ ಅಲ್ಲೇ ಸಿಕ್ಕಿತು, ಓಡಿಸಿ ನೋಡುವ ಅವಕಾಶವೂ ಉಳಿಯಿತು. ಮುಂಗಡ ಹಣ ಕೊಡಬೇಕಾ, ಆಮೇಲೆ ಬೇಡ ಎನ್ನಬಹುದಾ, ಬರುವಷ್ಟರಲ್ಲಿ ಬೆಲೆ ಏರಿದರೆ ಹೊರೆ ಯಾರದ್ದು ಎಂದು ಮೊದಲೇ ಕೇಳಿಕೊಳ್ಳಿ. 2025ರಲ್ಲಿ ಅಮೆರಿಕ ಸುಂಕ ಏರಿಸಿದ ಮೇಲೆ ಈ ಮೂರನೆಯ ಪ್ರಶ್ನೆ ತುಂಬ ಮುಖ್ಯ ಆಗಿದೆ.

ಹೆಜ್ಜೆ 6: ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ

ಮೊದಲು ಹಳಿ, ಆಮೇಲೆ ಇಂಜಿನ್. ನನ್ನ ಹಾಗೆ ಮಾಡಬೇಡಿ. ಒಂದು ತುಂಡು ಹಳಿ, ಒಂದು ಹಳೆಯ ಕಂಟ್ರೋಲರ್ ಇದ್ದರೂ ಸಾಕು. ಪಾರ್ಸೆಲ್ ಬಂದ ದಿನವೇ ಓಡಿಸಿ. ಡಬ್ಬಿ ಬಿಚ್ಚುವಾಗ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಹೊರಗಿನ ರಟ್ಟು ಜಜ್ಜಿದ್ದರೆ ಅದೂ ಅದರಲ್ಲಿ ಬರಲಿ. ವಾಪಸ್ ಕಳಿಸುವ ಖರ್ಚು ಯಾರದ್ದು, ಎಷ್ಟು ದಿನ ಅವಕಾಶ ಎಂಬುದನ್ನು ದುಡ್ಡು ಕೊಡುವ ಮೊದಲೇ ಓದಿ.

ಈಬೇನಲ್ಲಿ ಹಳೆಯ ಸಾಮಾನಿನ ಬೆಲೆ ತಿಳಿಯಲು ಒಂದೇ ಉಪಾಯ. ಮಾರಾಟವಾದ ಸಾಮಾನನ್ನು ಮಾತ್ರ ತೋರಿಸುವ ಫಿಲ್ಟರ್ ಹಾಕಿ. ಜನ ಎಷ್ಟು ಕೇಳುತ್ತಿದ್ದಾರೆ ಅನ್ನುವುದು ಆಸೆ, ಎಷ್ಟಕ್ಕೆ ಹೋಯಿತು ಅನ್ನುವುದು ಬೆಲೆ. 'ಅಪರೂಪ' ಎಂದು ಬರೆದಿರುವ ಇಂಜಿನ್ ಕಳೆದ ಎರಡು ತಿಂಗಳಲ್ಲಿ ಹನ್ನೊಂದು ಸಲ ಮಾರಾಟವಾಗಿದ್ದನ್ನು ಅಲ್ಲೇ ನೋಡಿದ್ದೇನೆ.

'ಪರೀಕ್ಷಿಸಿಲ್ಲ' ಎಂದು ಬರೆದಿದ್ದರೆ ಓಡುವುದಿಲ್ಲ ಎಂದೇ ಓದಿಕೊಳ್ಳಿ. ಓಡುವ ಇಂಜಿನ್ ಇಟ್ಟುಕೊಂಡು ಯಾರೂ ಹಾಗೆ ಬರೆಯುವುದಿಲ್ಲ. ನಿಧಾನವಾಗಿ ಓಡುವ ವಿಡಿಯೋ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ.

ಜರ್ಮನಿ, ಜಪಾನ್‌ನಿಂದ ತರಿಸುವ ಆಸೆ ಎಲ್ಲರಿಗೂ ಒಮ್ಮೆ ಬರುತ್ತದೆ. ಅಲ್ಲಿನ ಅಂಗಡಿಗಳು ರಫ್ತಿಗೆ ತಮ್ಮ ದೇಶದ ತೆರಿಗೆ ಕಳೆದು ಕೊಡುತ್ತವೆ. ಜರ್ಮನಿಯಲ್ಲಿ ಅದು 19 ಪರ್ಸೆಂಟ್. ಹಿಂದೆ 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಇಲ್ಲಿ ಸುಂಕವೂ ಇರಲಿಲ್ಲ, ಹಾಗಾಗಿ ಅದು ದೊಡ್ಡ ಲಾಭ. ಆ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಎಲ್ಲ ದೇಶಗಳಿಗೂ ನಿಂತುಹೋಯಿತು. ಈಗ ಸುಂಕ, ಅದರ ಮೇಲೆ ಕೊರಿಯರ್‌ನವರು ಕಾಗದಪತ್ರಕ್ಕೆಂದು ಹಾಕುವ ಶುಲ್ಕ ಎರಡನ್ನೂ ಸೇರಿಸಿ ನೋಡಿ. ಜರ್ಮನಿಯ ಮ್ಯಾರ್ಕ್ಲಿನ್ ಕಂಪನಿಯ ಎಚ್‌ಓ ರೈಲು ಕೊಳ್ಳುವವರು ಇನ್ನೊಂದು ವಿಷಯ ನೆನಪಿಡಬೇಕು. ಅದು ಮೂರು ಸಂಪರ್ಕದ ಪದ್ಧತಿ. ನಿಮ್ಮ ಎರಡು ಕಂಬಿಯ ಹಳಿ ಮೇಲೆ ಹಾಗೇ ಇಟ್ಟರೆ ಓಡುವುದಿಲ್ಲ.

ಹೆಜ್ಜೆ 7: ಜಾತ್ರೆಗೆ ಹೋಗಿ

ಟ್ರೇನ್ ಶೋ ಅಂದರೆ ನಮ್ಮ ಜಾತ್ರೆಯೇ. ಜನವರಿಯ ಕೊನೆಗೆ ಮ್ಯಾಸಚೂಸೆಟ್ಸ್‌ನ ವೆಸ್ಟ್ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಆಮ್ಹರ್ಸ್ಟ್ ರೈಲ್ವೆ ಸೊಸೈಟಿಯವರು ನಡೆಸುವ ಮೇಳಕ್ಕೆ ಹೋದರೆ ಒಂದು ದಿನ ಸಾಲದು. ಹಳೆಯ ಲಯನೆಲ್ ಮೋಹ ಇರುವವರಿಗೆ ಪೆನ್ಸಿಲ್ವೇನಿಯಾದ ಯಾರ್ಕ್‌ನಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಮೇಳ ಸೇರುತ್ತದೆ.

ಇಲ್ಲಿ ನಗದು ಒಯ್ಯಿರಿ. ಮೊದಲ ದಿನ ಬೆಳಿಗ್ಗೆ ಸರಕು ಚೆನ್ನಾಗಿರುತ್ತದೆ, ಕಡೆಯ ದಿನ ಮಧ್ಯಾಹ್ನ ಮೂರರ ಮೇಲೆ ಬೆಲೆ ಚೆನ್ನಾಗಿರುತ್ತದೆ. ವಾಪಸ್ ವ್ಯಾನಿಗೆ ಹೊರುವುದಕ್ಕಿಂತ ಕೊಟ್ಟುಬಿಡೋಣ ಅನ್ನಿಸುವ ಹೊತ್ತು ಅದು. ಚೌಕಾಸಿಯ ಚಪಲ ತೀರಿಸಿಕೊಳ್ಳಲು ಇದೇ ಸರಿಯಾದ ಜಾಗ.

ಆದರೆ ಹಳೆಯ ಸಾಮಾನಿನ ಅಡಿಯನ್ನು ನೋಡಿ. ಐದಾರು ಡಾಲರ್‌ಗೆ ಸಿಗುವ ಹಳೆಯ ವ್ಯಾಗನ್‌ಗಳಲ್ಲಿ ಕೊಂಬಿನಂಥ ಹಳೆಯ ಕಪ್ಲರ್ ಇರುತ್ತದೆ. ಅದು ಈಗಿನ ಗೆಣ್ಣಿನಾಕಾರದ ಕಪ್ಲರ್‌ಗೆ ಕೂಡಿಕೊಳ್ಳುವುದಿಲ್ಲ. ಕೇಡೀ ಕಂಪನಿಯ ಕಪ್ಲರ್ ಜೋಡಿ, ಪ್ಲಾಸ್ಟಿಕ್ ಬದಲು ಲೋಹದ ಚಕ್ರ ಹಾಕಿದರೆ ಇನ್ನೊಂದು ಏಳೆಂಟು ಡಾಲರ್ ಸೇರಿತು. ಆದರೂ ಹೊಸದಕ್ಕಿಂತ ಅಗ್ಗವೇ. ಕೈಕೆಲಸ ಇಷ್ಟ ಇರುವವರಿಗೆ ಇದಕ್ಕಿಂತ ಒಳ್ಳೆಯ ಶುರು ಇಲ್ಲ. ಹೋಗುವಾಗ ಜೇಬಿನಲ್ಲಿ ಎನ್‌ಎಂಆರ್‌ಎ (ಇಲ್ಲಿನ ಮಾಡೆಲ್ ರೈಲು ಹವ್ಯಾಸಿಗಳ ಸಂಘ) ಅಳತೆಪಟ್ಟಿ ಇರಲಿ. ಅಂಗೈಯಗಲದ ಲೋಹದ ತಗಡು. ಚಕ್ರಗಳ ನಡುವಿನ ಅಂತರ ಸರಿ ಇದೆಯಾ ಎಂದು ಅಲ್ಲೇ ಇಟ್ಟು ನೋಡಬಹುದು.

ಊರಿಗೆ ಒಯ್ಯುವುದಾದರೆ

ಬೆಂಗಳೂರಿನಲ್ಲಿರುವ ತಮ್ಮನಿಗೋ ಅಕ್ಕನ ಮಗನಿಗೋ ಒಂದು ಸೆಟ್ ಕಳಿಸೋಣ ಎಂದು ಅನೇಕರು ಕೇಳುತ್ತಾರೆ. ಪಾರ್ಸೆಲ್ ಮಾಡಬೇಡಿ ಅನ್ನುವುದು ನನ್ನ ಸಲಹೆ. ಭಾರತದ ಕಸ್ಟಮ್ಸ್‌ನಲ್ಲಿ ಓಡುವ ಮಾಡೆಲ್‌ಗಳು ಆಟಿಕೆಗಳ ಗುಂಪಿನಲ್ಲೇ ಬರುತ್ತವೆ. ಆಟಿಕೆಗಳ ಆಮದು ಸುಂಕ 2020ರಲ್ಲಿ 20ರಿಂದ 60 ಪರ್ಸೆಂಟ್‌ಗೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಗಿಫ್ಟ್ ಎಂದು ಬರೆದು ಸುಂಕವಿಲ್ಲದೆ ಕಳಿಸುವ ದಾರಿಯನ್ನು 2019ರ ಡಿಸೆಂಬರ್‌ನಲ್ಲೇ ಮುಚ್ಚಿದರು, ರಾಖಿ ಮತ್ತು ಜೀವರಕ್ಷಕ ಔಷಧಿಗಳಿಗೆ ಮಾತ್ರ ಬಿಟ್ಟು. ಅಲ್ಲಿನ ಅಂಗಡಿಗಳಲ್ಲಿ ವಿದೇಶಿ ಇಂಜಿನ್ ಕಾಣುವುದು ಅಪರೂಪ, ಕಂಡರೂ ಬೆಲೆ ಕೇಳಿ ಎದೆ ಝಲ್ ಅನ್ನುವುದು ಇದಕ್ಕೇ.

ನೀವೇ ಹೋಗುವಾಗ ಒಯ್ಯುವುದು ಒಳ್ಳೆಯದು. ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಸಾಮಾನಿನ ಮಿತಿ 2016ರ ನಿಯಮದಲ್ಲಿ 50,000 ರೂಪಾಯಿ ಇತ್ತು. ಹೊರಡುವ ವಾರ ಈಗಿನ ಮಿತಿ ಎಷ್ಟೆಂದು ಕಸ್ಟಮ್ಸ್ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಅಂಗಡಿಯ ಬಿಲ್ ಜೊತೆಗಿರಲಿ. ಇಂಜಿನ್ ಕೈಚೀಲದಲ್ಲಿ, ಮೂಲ ಡಬ್ಬಿಯಲ್ಲೇ ಇರಲಿ. ಹಳಿ, ಬೋಗಿ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ.

ಕೊನೆಗೆ ಕಂಟ್ರೋಲರ್. ಇಲ್ಲಿನ ಸೆಟ್‌ಗಳ ಜೊತೆ ಬರುವ ಪವರ್ ಪ್ಯಾಕ್ 120 ವೋಲ್ಟಿನದ್ದು, ನಮ್ಮೂರ ಗೋಡೆಯಲ್ಲಿ ಬರುವುದು 230. ಅಡಾಪ್ಟರ್ ತಿರುವಿ ಸಣ್ಣ ಅಕ್ಷರ ಓದಿ. 100–240 ಎಂದಿದ್ದರೆ ಪ್ಲಗ್ ಬದಲಿಸಿದರೆ ಸಾಕು. 120 ಎಂದಷ್ಟೇ ಇದ್ದರೆ ಅದನ್ನು ಇಲ್ಲೇ ಬಿಟ್ಟು ಹೊರಡಿ. ಅದೇ ವೋಲ್ಟೇಜು, ಅದೇ ಆಂಪಿಯರ್ ಹೊರಗೆ ಕೊಡುವ ಅಡಾಪ್ಟರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಸಿಗುತ್ತದೆ.